ಬೆರಳಿಗೆ ಗೊತ್ತಿದ್ದದ್ದು

ಚಪ್ಪಲಿ ಹೊರಗೆ ಬಿಡಿ ಅಂತ ಹಲ್ಲಿನ ಆಸ್ಪತ್ರೆಯ ಗಾಜಿನ ಬಾಗಿಲಿಗೆ ಚಿತ್ರ ಅಂಟಿಸಿದ್ದರು. ಅಕ್ಕಯಮ್ಮ ಬಿಟ್ಟಳು. ಒಳಗೆ ಬಂದು ಕೂತ ಮೇಲೂ ಗಾಜಿನ ಆಚೆ ಸಾಲಾಗಿದ್ದ ಆ ಚಪ್ಪಲಿಗಳನ್ನೇ ನೋಡುತ್ತಿದ್ದಳು. ಭಾನುವಾರ ಈ ಹೊತ್ತಿಗೆ ಅವಳ ಮನೆಯ ಮುಂದೆಯೂ ಹೀಗೇ ಬಿಟ್ಟಿರುತ್ತಾರೆ. ಒಳಗೆ ಬಂದವರು ಹೀಗೇ ಕೆನ್ನೆಗೆ ಕೈಕೊಟ್ಟು ಕೂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹಲ್ಲು ನೋಯುವವರಿಗೆ ಪಕ್ಕದವರ ನೋವಿನ ಗೋಜು ಬೇಡ. ಇವತ್ತು ಬಂದವರು ಬಾಗಿಲಿಗೆ ಬೀಗ ನೋಡಿ ಏನಂದುಕೊಂಡರೋ. ನಲವತ್ತು ವರ್ಷದಲ್ಲಿ ಭಾನುವಾರ ಅವಳು ಮನೆ ಬಿಟ್ಟಿದ್ದು ಅತ್ತೆ ಸತ್ತಾಗ ಒಂದು ಸಲ, ಮಗ ಬಾಲಾಜಿಯ ಮದುವೆಯಲ್ಲಿ ಒಂದು ಸಲ. ಪಕ್ಕದಲ್ಲಿ ಸೊಸೆ ಸರಳಾ ಫೋನು ನೋಡುತ್ತ ಕೂತಿದ್ದಳು. ಹೊಸೂರಿನ ಕಾರ್ಖಾನೆಯಲ್ಲಿ ಗಾಡಿಗಳಿಗೆ ವೈರು ಜೋಡಿಸುವ ಕೆಲಸ ಅವಳದು, ವಾರಕ್ಕೆ ಒಂದೇ ರಜೆ. ಆರು ತಿಂಗಳಿಗೊಮ್ಮೆ ಆ ರಜೆಯಲ್ಲಿ ಇಲ್ಲಿಗೆ ಬಂದು ಹಲ್ಲು ತೋರಿಸಿಕೊಂಡು ಹೋಗುತ್ತಾಳೆ. ನೋವಿದ್ದು ಅಲ್ಲ. ಸುಮ್ಮನೆ. ನೋಯದ ಹಲ್ಲನ್ನು ಹೊತ್ತುಕೊಂಡು ಬಸ್ಸು ಹತ್ತುವುದು ಅಕ್ಕಯಮ್ಮನಿಗೆ ಯಾವತ್ತೂ ಒಂದು ಜಂಬದ ಹಾಗೆ ಕಂಡಿತ್ತು. ನಿನ್ನೆ ಸಂಜೆ ಸೊಪ್ಪು ಬಿಡಿಸುತ್ತಾ ಕೂತವಳು ತಲೆ ಎತ್ತದೆ, "ನಾಳೆ ನಾನೂ ಬತ್ತೀನಿ" ಅಂದಿದ್ದಳು. ಸರಳಾ, "ನೋಯ್ತಾ ಐತಾ ಅತ್ತೆ?" ಅಂದಳು. ಇಲ್ಲ ಅಂದಳು ಅಕ್ಕಯಮ್ಮ. ಯಾಕೆ ಅಂತ ಸರಳಾ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತೇನೋ.

ಹಲ್ಲಿನ ಹುಳಕ್ಕೆ ಹೊಗೆ ಹಾಕುವುದು ಅವಳ ಅತ್ತೆಯಿಂದ ಬಂದ ವಿದ್ಯೆ. ನೆಲಗುಳ್ಳದ ಹಣ್ಣು ಹಳದಿಯಾದ ಮೇಲೆ ಮುಳ್ಳು ತಪ್ಪಿಸಿ ಕಿತ್ತು ತಂದು ಬೀಜ ಒಣಗಿಸಿಟ್ಟುಕೊಳ್ಳಬೇಕು. ಕುಡುಗೋಲಿನ ಮುರುಕನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿನ ತಟ್ಟೆಯ ನಡುವೆ ಕಲ್ಲಿನ ಮೇಲಿಟ್ಟು, ಹರಳೆಣ್ಣೆ ಸವರಿದ ಬೀಜವನ್ನು ಅದರ ಮೇಲೆ ಹಾಕಿ, ತೂತಿನ ಕರಟ ಮುಚ್ಚಿ, ತೂತಿಗೆ ಪರಂಗಿ ದಂಟು ಸಿಕ್ಕಿಸಿ, ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಸಬೇಕು. ಜೊಲ್ಲು ತಟ್ಟೆಗೆ ಸುರಿಯುತ್ತದೆ. ಕರಟ ತೆಗೆದರೆ ನೀರಿನಲ್ಲಿ ಬೆಳ್ಳಗೆ, ಎಳ್ಳಿಗಿಂತ ಸಣ್ಣಗೆ, ಬಾಗಿಕೊಂಡ ಹುಳ ತೇಲುತ್ತವೆ. ಜನ ಅದನ್ನು ನೋಡಿ ಅಸಹ್ಯಪಟ್ಟು, ಖುಷಿಪಟ್ಟು, ಎಲೆ ಅಡಿಕೆ ಇಟ್ಟು ಕೈಮುಗಿದು ಹೋಗುತ್ತಿದ್ದರು. ಸೊಸೆಯಾಗಿ ಬಂದ ನಾಲ್ಕನೇ ವರ್ಷವೋ ಐದನೆಯದೋ, ಅತ್ತೆ ರಾಯಕೋಟೆ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಕೈ ಪಳಗಲಿ ಅಂತ ಅವಳು ಒಬ್ಬಳೇ ಎಲ್ಲ ಹೂಡಿ ನೋಡಿದ್ದಳು. ಬೀಜ ಚಟಪಟ ಅಂದಿತು, ಹೊಗೆ ಬಂತು, ದಂಟಿಗೆ ಯಾರ ಬಾಯಿಯೂ ಇರಲಿಲ್ಲ. ಕರಟ ತೆಗೆದಳು. ನೀರಿನ ಮೇಲೆ ಹುಳ ತೇಲುತ್ತಿದ್ದವು. ಬೆರಳಿಗೆ ಹತ್ತಿಸಿಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ಬೀಜದೊಳಗಿನ ಮೊಳಕೆ. ನೀರು ಚೆಲ್ಲಿ, ತಟ್ಟೆ ತೊಳೆದು ಬೋರಲು ಹಾಕಿದಳು. ಅತ್ತೆಗೆ ಹೇಳಲಿಲ್ಲ. ಅತ್ತೆಗೂ ಗೊತ್ತಿತ್ತೋ ಏನೋ, ಅವಳೂ ಹೇಳಲಿಲ್ಲ. ಆದರೆ ಹೊಗೆ ಹಿಡಿದವರಿಗೆ ನೋವು ಕಮ್ಮಿಯಾಗುತ್ತಿತ್ತಲ್ಲ, ಅದು ಸುಳ್ಳಲ್ಲ. ನಾಲ್ಕು ದಿನಕ್ಕೋ ಹತ್ತು ದಿನಕ್ಕೋ ಮತ್ತೆ ಬರುತ್ತಿತ್ತು, ಅದೂ ಸುಳ್ಳಲ್ಲ. ನಲವತ್ತು ವರ್ಷ ಹಾಗೆ ಹೋಯಿತು.

"ಪಾಟಿ, ವಯಸ್ಸು ಎಷ್ಟು?" ಮೇಜಿನ ಹುಡುಗಿ ತಮಿಳಿನಲ್ಲಿ ಅಜ್ಜಿ ಅಂತ ಕರೆದು ಕೇಳಿದಳು. ಅಕ್ಕಯಮ್ಮನಿಗೆ ಲೆಕ್ಕ ಸಿಗಲಿಲ್ಲ. ಸರಳಾ ಅರವತ್ತೈದು ಅಂದಳು. "ಕೊನೇ ಸಲ ಹಲ್ಲು ಚೆಕಪ್ ಯಾವಾಗ ಮಾಡಿಸಿದ್ದು?" ಹುಡುಗಿ ಪೆನ್ನು ಹಿಡಿದು ಕಾದಳು. ಪಕ್ಕದ ಕುರ್ಚಿಯವರು ತಿರುಗಿ ನೋಡಿದ ಹಾಗಾಯಿತು. ಮಾಡಿಸಿಲ್ಲ ಅಂತ ಅಕ್ಕಯಮ್ಮ ತಲೆ ಆಡಿಸಿದಳು. ಹುಡುಗಿ ಒಂದು ಗೆರೆ ಎಳೆದಳು. ಸುತ್ತ ಹನ್ನೆರಡು ಹಳ್ಳಿಯ ಬಾಯಿ ನೋಡಿದವಳು, ಅವಳ ಬಾಯಿಯನ್ನು ಯಾರೂ ನೋಡಿರಲಿಲ್ಲ. ಆ ಗೆರೆ ಯಾಕೋ ಕಣ್ಣಲ್ಲೇ ಉಳಿಯಿತು.

ಸರಳಾ ಮದುವೆಯಾಗಿ ಬಂದ ವರ್ಷ ಅವಳ ದವಡೆ ಊದಿತ್ತು. ಅಕ್ಕಯಮ್ಮ ಕೆಂಡ ಮಾಡಿ, ಬೀಜ ತೆಗೆದಿಟ್ಟು, ತಟ್ಟೆಗೆ ನೀರು ತುಂಬಿ ಕಾದಳು. ಹುಡುಗಿ ಬರಲಿಲ್ಲ. ಮೊದಲ ಬಸ್ಸಿಗೆ ಹೋಗಿ, ಸಂಜೆ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದಳು. ಅಕ್ಕಯಮ್ಮ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಊಟಕ್ಕಿಟ್ಟು ತಟ್ಟೆಯನ್ನು ಅವಳ ಕಡೆ ಸರಿಸುತ್ತಿದ್ದಳು, ಅಷ್ಟೆ. ಆಮೇಲೆ ಸರಳಾ ಒಂದು ದಿನವೂ ಹೊಗೆಯ ಬಗ್ಗೆ ಒಂದು ಮಾತು ಎತ್ತಿಲ್ಲ. ಭಾನುವಾರ ಜನ ಬಂದರೆ ಜಗಲಿಗೆ ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟು ಒಳಗೆ ಹೋಗುತ್ತಾಳೆ. ಅವಳ ಆ ಮರ್ಯಾದೆಯೇ ಅಕ್ಕಯಮ್ಮನಿಗೆ ತಡೆಯಲಾಗುವುದಿಲ್ಲ.

ಒಳಗಿನ ಕುರ್ಚಿ ಮಲಗಿಕೊಳ್ಳುವ ಹಾಗಿತ್ತು. ಕತ್ತಿಗೆ ಕೂಸಿಗೆ ಕಟ್ಟುವಂತೆ ಕಾಗದದ ಬಟ್ಟೆ ಕಟ್ಟಿದರು. ಡಾಕ್ಟರಿಣಿ ಬಂದಳು, ಪದ್ಮಶ್ರೀ ಅಂತ ಎದೆಯ ಮೇಲೆ ಹೆಸರು ಬರೆದಿತ್ತು ಅಂತ ಆಮೇಲೆ ಸರಳಾ ಹೇಳಿದಳು. "ವಾಯ ತೊರಂಗ ಪಾಟಿ" ಅಂತ ಬಾಯಿ ತೆಗೆಯಲು ಹೇಳಿದವಳು, ಸರಳಾ ಕನ್ನಡದಲ್ಲಿ ಏನೋ ಅಂದಿದ್ದು ಕೇಳಿ, "ಓ, ನಮ್ಮೋರೇನಾ? ನಂದು ಮಾಲೂರು" ಅಂದಳು. ದೀಪ ಮುಖದ ಮೇಲೆ ಬಂತು. ಅಕ್ಕಯಮ್ಮ ಬಾಯಿ ತೆಗೆದಳು. ಎಲೆ ಅಡಿಕೆಯ ಕಲೆ, ಸಂದಿಯ ಕಿಟ್ಟ, ಹಿಂದೆ ಬಿದ್ದುಹೋದ ಎರಡು ದವಡೆ ಹಲ್ಲಿನ ಜಾಗ, ಎಲ್ಲ ಆ ಬೆಳಕಿನಲ್ಲಿ ಬಿಚ್ಚಿಕೊಂಡಿತು. ಬಾಯಿ ತೆಗೆದು ಮಲಗಿದವರು ಎಷ್ಟು ಬೇಗ ಸಣ್ಣವರಾಗಿಬಿಡುತ್ತಾರೆ ಅಂತ ಇಷ್ಟು ವರ್ಷ ಅವಳಿಗೆ ತಿಳಿದೇ ಇರಲಿಲ್ಲ. ಕಣ್ಣೆಲ್ಲಿಡಬೇಕು, ಕೈಯೆಲ್ಲಿಡಬೇಕು, ಉಗುಳು ತುಂಬಿದರೆ ನುಂಗಬಹುದೋ ಬಾರದೋ. ಡಾಕ್ಟರಿಣಿ ಸಣ್ಣ ಕನ್ನಡಿ ಇಟ್ಟು ಒಂದೊಂದೇ ಹಲ್ಲು ನೋಡಿದಳು. ಆಮೇಲೆ ಹಲ್ಲನ್ನು ಬಿಟ್ಟು ಬೇರೆ ಕಡೆ ಹೋದಳು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆ ಬದಿ ಈ ಬದಿ ಎಳೆದು ನೋಡಿದಳು. ಕೆನ್ನೆಯ ಒಳಗೆ ಒಂದು ಬೆರಳು, ಹೊರಗೆ ಒಂದು ಬೆರಳು ಇಟ್ಟು ನಡುವಿನ ಮಾಂಸವನ್ನು ಮೆಲ್ಲಗೆ ಒತ್ತುತ್ತ ಹಿಂದಿನಿಂದ ಮುಂದಕ್ಕೆ ಬಂದಳು. ದವಡೆಯ ಕೆಳಗೆ, ಕತ್ತಿನಲ್ಲಿ, ಕಿವಿಯ ಹಿಂದೆ. ಅಕ್ಕಯಮ್ಮ ಆ ಬೆರಳುಗಳನ್ನು ಗುರುತು ಹಿಡಿದಳು. ಅವಳೂ ಹೀಗೇ ಒತ್ತುವುದು. ಹೊಗೆ ಮುಗಿದ ಮೇಲೆ ಬೆರಳು ಹಾಕಿ, ಒಸಡು ಒತ್ತಿ, ಕೆನ್ನೆ ಒತ್ತಿ, "ಆಯ್ತು, ಹೋಗು" ಅನ್ನುವುದು.

ಐದು ವಾರದ ಹಿಂದೆ ದೊಡ್ಡಣ್ಣನ ಎಡಗೆನ್ನೆಯಲ್ಲಿ ಅವಳ ಬೆರಳು ನಿಂತಿತ್ತು. ದೊಡ್ಡಣ್ಣ ಅವಳ ಚಿಕ್ಕಪ್ಪನ ಮಗ, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಎರಡು ಮನೆ ಆಚೆ ಇರುವವನು. ಎಡಗೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟರೆ ಟೊಮೇಟೊ ಹೊಲದಿಂದ ಮನೆಗೆ ಬರುವವರೆಗೆ ತೆಗೆಯುವವನಲ್ಲ. ಯುಗಾದಿ ಆದ ಮೊದಲ ಭಾನುವಾರ, "ಕಾರ ತಿಂದ್ರೆ ಉರಿ ಕಣಕ್ಕ, ಹುಳ ಬಿದ್ದೈತೇನೋ ನೋಡು" ಅಂತ ಬಂದ. ಅವಳು ಹೊಗೆ ಹಾಕಿದಳು. ವಾರ ವಾರ ಬಂದ. ನೋವಿದೆಯಾ ಅಂದರೆ ಇಲ್ಲ ಅನ್ನುತ್ತಿದ್ದ. ಹಾಗೆ ಬರತೊಡಗಿದ ಐದನೇ ವಾರ ಒತ್ತುವಾಗ ಸಿಕ್ಕಿತು, ಬಟ್ಟೆಯ ಮಡಿಕೆಯೊಳಗೆ ಗುಂಡಿ ಸೇರಿಸಿ ಹೊಲಿದ ಹಾಗೆ, ಗಟ್ಟಿಗೆ. ಮೇಲೆ ಹುಣ್ಣು, ಅಂಚು ಬೆಳ್ಳಗೆ. ಬೆರಳು ಅಲ್ಲೇ ನಿಂತದ್ದನ್ನು ಅವನೂ ಗಮನಿಸಿದ, ಕಣ್ಣು ಮೇಲೆತ್ತಿ ಅವಳನ್ನು ನೋಡಿದ. ಅವಳು ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡು, "ಆಯ್ತು, ಹೋಗು" ಅಂದಳು. ಹುಳ ಅಲ್ಲ ಅಂತ ಬಾಯಿಬಿಟ್ಟರೆ ಹುಳ ಯಾವುದು ಅನ್ನುವ ಮಾತು ಬರುತ್ತದೆ. ಆ ಮಾತಿನ ಹಿಂದೆ ನಲವತ್ತು ವರ್ಷ ಸಾಲಾಗಿ ನಿಂತಿದೆ.

"ಏನ್ ಹುಡುಕ್ತಾ ಇದ್ದೆ ತಾಯಿ, ಹಲ್ಲಲ್ದೆ ಬೇರೆ ಕಡೆ?" ಬಾಯಿ ಖಾಲಿಯಾದ ಕೂಡಲೇ ಅಕ್ಕಯಮ್ಮ ಡಾಕ್ಟರಿಣಿಯನ್ನು ಕೇಳಿದಳು.

"ಹಲ್ಲಷ್ಟೇ ನೋಡಿದ್ರೆ ಅರ್ಧ ನೋಡ್ದಂಗೆ ಅಮ್ಮ. ಬಿಳಿ ಕಲೆ, ಕೆಂಪು ಕಲೆ, ಎರಡು ವಾರ ಆದ್ರೂ ಮಾಗದ ಹುಣ್ಣು, ಗಟ್ಟಿ ಗಂಟು, ಇಂಥವು ಇದಾವಾ ಅಂತ ನೋಡ್ತೀವಿ. ನಿಮಗೇನಿಲ್ಲ. ಎರಡು ಹಲ್ಲು ತೂತಾಗಿದೆ, ತುಂಬಬೇಕು. ಕಿಟ್ಟ ತೆಗೀಬೇಕು. ಅಡಿಕೆ ಬಿಡಿ."

"ಗಂಟು ಇದ್ರೆ ನೋಯಾಕಿಲ್ವಾ?"

"ಮೊದಮೊದಲು ನೋಯಲ್ಲ. ಅದಕ್ಕೇ ಜನ ಬರಲ್ಲ. ನೋವು ಬಂದ ಮೇಲೆ ಬರ್ತಾರೆ, ಆಗ ನಾವು ಏನು ಮಾಡೋದಕ್ಕೂ ಕಷ್ಟ. ಬೇಗ ಸಿಕ್ಕಿದ್ರೆ ವಾಸಿ ಮಾಡಬಹುದು. ನಿಮ್ಮ ಸೊಸೆ ನೋಡಿ, ನೋವಿಲ್ದೇ ಬರ್ತಾಳೆ." ಡಾಕ್ಟರಿಣಿ ಕೈಗವಸು ತೆಗೆಯುತ್ತ ತಿರುಗಿದಳು. "ಯಾಕಮ್ಮ, ಯಾರಿಗಾದ್ರೂ ಇದೆಯಾ ಆ ಥರ?"

ಇಲ್ಲಿಗೆ ಬಂದದ್ದೇ ಈ ಒಂದು ಮಾತಿಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಹೇಗೆ ಶುರುಮಾಡಬೇಕು ಅಂತ ಹೊಂದಿಸಿಕೊಂಡಿದ್ದಳು. ಸರಳಾ ಗೋಡೆಯ ಪಕ್ಕ ನಿಂತು ಅವಳನ್ನೇ ನೋಡುತ್ತಿದ್ದಳು.

"ಇಲ್ಲ. ಸುಮ್ಕೆ ಕೇಳ್ದೆ" ಅಂದಳು ಅಕ್ಕಯಮ್ಮ.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸಾನಮಾವಿನ ಕಾಡಿನ ಹತ್ತಿರ ಬಸ್ಸು ನಿಂತಿತು, ಆನೆ ದಾಟಿವೆ ಅಂತ ಫಾರೆಸ್ಟಿನವರು ಗಾಡಿಗಳನ್ನು ತಡೆದಿದ್ದರು. ಮುಂದೆ ಮಾವಿನ ಹಣ್ಣಿನ ಲಾರಿಗಳು ಸಾಲುಗಟ್ಟಿದ್ದವು. ಜನ ಇಳಿದು ಫೋನು ಹಿಡಿದು ನಿಂತರು. ಆನೆ ಯಾರಿಗೂ ಕಾಣಲಿಲ್ಲ. ಇಲ್ಲ ಅಂದದ್ದು ಅವಳ ಬಾಯಲ್ಲಿ ಇನ್ನೂ ಇತ್ತು, ಔಷಧಿಯ ರುಚಿಯ ಜೊತೆ. ತನ್ನ ಬಾಯಲ್ಲಿ ಏನೂ ಇಲ್ಲ ಅಂದಾಗ ಸಮಾಧಾನವಾಯಿತಲ್ಲ, ಅದು ಅವಳಿಗೆ ಕಳ್ಳತನದಂತೆ ಅನ್ನಿಸಿತು. ಬಾಯಿ ಮುಕ್ಕಳಿಸಿ ತಾನು ಉಗುಳಿದ ಎಲೆ ಅಡಿಕೆಯ ಕೆಂಪು ಕುರ್ಚಿಯ ಪಕ್ಕದ ಬಿಳಿ ಬೋಗುಣಿಯಲ್ಲಿ ಸುತ್ತಿ ಸುತ್ತಿ ಇಳಿದುಹೋದದ್ದು ನೆನಪಾಯಿತು. ಹೀಗೆ ತನ್ನ ತಟ್ಟೆಗೆ ಉಗುಳಿ ಹೋದವರು ಎಷ್ಟೋ ಜನ. ಯಾರ್ಯಾರು? ಅಶ್ವತ್ಥಪ್ಪ ಅಂತ ಒಬ್ಬ, ಅಂಚೆಟ್ಟಿ ಕಡೆಯವನು, ಬೆಟ್ಟ ಇಳಿದು ನಡೆದು ಬಂದು ಬಸ್ಸು ಹಿಡಿದು ಬರುತ್ತಿದ್ದ. ಮೂರು ತಿಂಗಳು ಬಂದು ಆಮೇಲೆ ಬರಲಿಲ್ಲ. ವಾಸಿಯಾಗಿದೆ, ಅದಕ್ಕೇ ಬರಲಿಲ್ಲ ಅಂದುಕೊಂಡಿದ್ದಳು. ಬರದೆ ಹೋದವರೆಲ್ಲ ವಾಸಿಯಾದವರು ಅಂತಲೇ ಅವಳ ಲೆಕ್ಕ.

"ಅತ್ತೆ," ಸರಳಾ ಅವಳ ಕಡೆ ನೋಡದೆ ಕೇಳಿದಳು, "ದೊಡ್ಡಣ್ಣ ಮಾವಂಗಾ?"

ಅಕ್ಕಯಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು.

"ಬೈರತ್ತೆ ಹೇಳ್ತಿದ್ರು, ಮಾವ ಮುದ್ದೆಗೆ ಬರೀ ಮಜ್ಜಿಗೆ ಹಾಕಿಸ್ಕೊಂಡು ತಿಂತಾನೆ, ಸಾರು ಮುಟ್ಟಲ್ಲ ಅಂತ." ಬೈರತ್ತೆ ದೊಡ್ಡಣ್ಣನ ಹೆಂಡತಿ. ಸರಳಾ ಫೋನನ್ನು ಚೀಲಕ್ಕೆ ಹಾಕಿ, "ನಾನು ಹೇಳಿದ್ರೆ ಮಾವ ಕೇಳಲ್ಲ. ನಮ್ಮಕ್ಕ ನೋಡ್ತಾವ್ಳೆ, ನೀನ್ಯಾವಳು ಅಂತಾನೆ" ಅಂದಳು. ದೂರು ಹೇಳುವ ದನಿ ಅಲ್ಲ. ಗಾಡಿಗಳು ಒಂದೊಂದೇ ಸ್ಟಾರ್ಟಾದವು.

ಊರಿಗೆ ಬಂದಾಗ ಹೊತ್ತು ಇಳಿದಿತ್ತು. ದೊಡ್ಡಣ್ಣ ಜಗಲಿಯ ಮೇಲೆ ಟವಲು ಹಾಸಿಕೊಂಡು ಕೂತಿದ್ದ. ಮುಂದೆ ಒಡೆದ ಮಡಕೆಯಲ್ಲಿ ಕೆಂಡ, ಮೇಲೆ ಬೂದಿ ಕಟ್ಟಿತ್ತು.

"ಎಲ್ಲಿಗೋಗ್ಬುಟ್ಟೆ ಅಕ್ಕ? ನಿಂಗೆ ಕೆಲ್ಸ ಕಮ್ಮಿಯಾಗ್ಲಿ ಅಂತ ನಾನೇ ಕೆಂಡ ಮಾಡ್ಕೊಂಡ್ ಬಂದ್ರೆ ಎರಡು ಸಲ ಆರೋಯ್ತು."

"ಹೊಸೂರ್ಗೆ. ಹಲ್ಲು ತೋರ್ಸಾಕೆ."

"ಯಾರ್ದು?"

"ನಂದೇ ಕಣ್ಲಾ."

ಅವನು ನಕ್ಕ. ನಗುವಾಗ ಎಡಗೆನ್ನೆ ಜೊತೆಗೆ ಬರಲಿಲ್ಲ. "ಊರ್ನೋರ್ ಹಲ್ಗೆಲ್ಲ ನೀನು, ನಿನ್ ಹಲ್ಗೆ ಹೊಸೂರಾ? ಸರಳಾ, ಕೇಳ್ದೇನವ್ವ? ಇದನ್ನ ಹೇಳ್ಬುಟ್ರೆ ನಾಳೆಯಿಂದ ನಿಮ್ಮತ್ತೆ ಜಗಲಿ ಖಾಲಿ." ಸರಳಾ ನಗಲಿಲ್ಲ. ಬೀಗ ತೆಗೆದು ಒಳಗೆ ಹೋಗಿ, ಬಾಗಿಲ ಹತ್ತಿರವೇ ನಿಂತಳು ಅನ್ನುವುದು ಅಕ್ಕಯಮ್ಮನಿಗೆ ಬೆನ್ನಿಗೇ ತಿಳಿಯಿತು. ಅವನು ಬಾಗಿ ಕೆಂಡ ಊದತೊಡಗಿದ. ಐವತ್ತೈದರ ಗಂಡಸು, ಕೂಸಿನ ಹಾಗೆ ಕೆನ್ನೆ ಉಬ್ಬಿಸಿ. ಬಲಗೆನ್ನೆ ಮಾತ್ರ ಉಬ್ಬುತ್ತಿತ್ತು.

"ಊದ್ಬ್ಯಾಡ. ಇವತ್ತು ಹೊಗೆ ಹಾಕಾಕಿಲ್ಲ."

"ಯಾಕೆ? ಹೊತ್ತು ಮೀರೋಯ್ತಾ?"

"ಅದು ಹುಳ ಅಲ್ಲ ಕಣ್ಲಾ."

ಅವನು ಊದುವುದು ನಿಲ್ಲಿಸಿದ. ಬೀದಿಯಲ್ಲಿ ಯಾರದೋ ಹಸು ಹೋಯಿತು, ಅದು ಮೂಲೆ ತಿರುಗುವವರೆಗೆ ಇಬ್ಬರೂ ನೋಡಿದರು.

"ಯಾವತ್ತಿಂದ ಅಲ್ಲ?" ಅಂದ.

ಅಕ್ಕಯಮ್ಮ ಜಗಲಿಯ ಅಂಚಿಗೆ ಕೂತಳು. "ನಂಗೊತ್ತಾಗಿ ಐದು ವಾರ. ಬಂದೋರ್ ಯಾರಿಗೂ ಹುಳ ಇರ್ಲಿಲ್ಲ. ತಟ್ಟೇಲಿ ತೇಲೋದು ಹುಳಾನೇ ಅಲ್ಲ. ಬೀಜದೊಳಗಿನ ಮೊಳಕೆ. ಸೊಸೆಯಾಗಿ ಬಂದಾಗ್ಲೇ ನೋಡಿದ್ದೆ." ಒಂದೇ ಉಸಿರಿನಲ್ಲಿ ಬಂತು, ಇಷ್ಟೇ ಇತ್ತೇ ಅನ್ನಿಸುವಷ್ಟು ಚಿಕ್ಕದಾಗಿ. ಒಳಗೆ ಸರಳಾ ಕಾಲು ಬದಲಿಸಿದ್ದು ಕೇಳಿಸಿತು.

"ಅದು ನಂಗೊತ್ತು ಬಿಡಕ್ಕ" ಅಂದ ದೊಡ್ಡಣ್ಣ. "ದನ ಕಾಯಾಗ ನೆಲಗುಳ್ಳ ಬೆಂಕಿಗಾಕಿ ಆಡ್ತಿದ್ವಲ್ಲ. ಮುಂದೆ ನೀರಿದ್ರೆ ಮೊಳಕೆ ಸಿಡಿದು ಬೀಳ್ತಿದ್ವು. ದನ ಕಾಯೋರ್ಗೆಲ್ಲ ಗೊತ್ತು."

"ಮತ್ಯಾಕಲಾ ವಾರ ವಾರ ಬಂದೆ?"

ಅವನು ಒಂದು ಕಡ್ಡಿಯಿಂದ ಕೆಂಡದ ಮೇಲಿನ ಬೂದಿ ಸರಿಸಿದ, ಮತ್ತೆ ಮುಚ್ಚಿದ. "ನೀನು ಹೊಗೆ ಹಾಕೋಗಂಟ ಅದು ಹಲ್ಲಿನ ತಂಟೆ. ನೀನು ಬ್ಯಾಡ ಅಂದ ದಿನ ಅದು ಬೇರೆ. ಅವತ್ತು ನಿನ್ ಬೆರಳು ನಿಲ್ತಲ್ಲ, ಆಗ ನಾನು ನಿನ್ ಮಕ ನೋಡ್ದೆ. ನೀನು ಹೋಗು ಅಂದೆ. ಸರಿ, ಅಕ್ಕಾನೇ ಹೋಗು ಅಂದ್ಮೇಲೆ ಅಂತ ಹೋದೆ."

ಅದರಲ್ಲಿ ಸಿಟ್ಟಿರಲಿಲ್ಲ. ಅವನು ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ನಾಳೆ ಟೊಮೇಟೊ ಬಿಡಿಸಲು ಆಳು ಹೇಳಿದ್ದೀನಿ ಅಂದ. ಒಂದು ಹತ್ತು ಹೆಜ್ಜೆ ಹೋಗಿ ನಿಂತು, ಆಸ್ಪತ್ರೆ ಸೋಮವಾರ ತೆಗೆದಿರುತ್ತಾ ಅಂತ ಬೀದಿಯಿಂದಲೇ ಕೇಳಿದ. ತೆಗೆದಿರುತ್ತೆ ಮಾವ, ಒಂಬತ್ತಕ್ಕೆ ಅಂದಳು ಸರಳಾ, ಬಾಗಿಲಿನಿಂದ.

ಸೋಮವಾರ ಡಾಕ್ಟರಿಣಿ ಅವನ ಬಾಯೊಳಗೆ ಬೆಳಕು ಹಾಕಿ ಒಂದೇ ಸಲ ನೋಡಿದಳು. ನೋಡಿ, ಮುಖದ ಮೇಲಿನ ಮಾಸ್ಕು ಸರಿಪಡಿಸಿಕೊಂಡು, ಮತ್ತೆ ನಿಧಾನವಾಗಿ ನೋಡಿದಳು. ದವಡೆಯ ಕೆಳಗೆ ಬಹಳ ಹೊತ್ತು ಕೈಯಾಡಿಸಿದಳು. ಕತ್ತಿನಲ್ಲಿ ಏನೂ ಸಿಗುತ್ತಿಲ್ಲ ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಬೇಕು, ದೊಡ್ಡಾಸ್ಪತ್ರೆಗೆ ಇವತ್ತೇ ಕಾಗದ ಬರೆದುಕೊಡ್ತೀನಿ, ಪರೀಕ್ಷೆ ಆಗದೆ ಏನು ಅಂತ ಹೇಳಕ್ಕಾಗಲ್ಲ ಅಂದಳು. ಪೆನ್ನು ತೆಗೆದುಕೊಂಡಳು.

"ಎಷ್ಟು ದಿನದಿಂದ ಇದೆ?"

ದೊಡ್ಡಣ್ಣ ಕುರ್ಚಿಯಲ್ಲಿ ಮಲಗಿದ್ದವನು ಅಕ್ಕಯಮ್ಮನ ಕಡೆ ಒಮ್ಮೆ ನೋಡಿ ಸೂರಿಗೆ ಕಣ್ಣು ನೆಟ್ಟ. "ಒಂದ್ ಹತ್ತು ಹದಿನೈದು ದಿನ ಆಗಿರ್ಬೇಕು ಮೇಡಂ."

ಡಾಕ್ಟರಿಣಿ ಬರೆಯಲು ಬಗ್ಗಿದಳು. ಅವನು ಹಾಗೆ ಹೇಳಿದ್ದು ಯಾರನ್ನು ಉಳಿಸಲು ಅಂತ ಅಕ್ಕಯಮ್ಮನಿಗೆ ತಿಳಿಯಿತು. ಸುಮ್ಮನಿದ್ದರೆ ಸಾಕಿತ್ತು. ಪೆನ್ನು ಮುಂದಕ್ಕೆ ಹೋಗಿಬಿಡುತ್ತಿತ್ತು.

"ಸುಳ್ಳು" ಅಂದಳು. "ಉರಿ ಅಂತ ಬಂದಿದ್ದು ಯುಗಾದಿ ಆದ್ ಭಾನುವಾರ. ಗಂಟು ಸಿಕ್ಕಿದ್ದು ಐದು ವಾರದ ಹಿಂದೆ."

"ಯಾರಿಗೆ ಸಿಕ್ಕಿದ್ದು? ಯಾರು ನೋಡ್ತಿದ್ರು?"

"ನಾನೇ. ಹಲ್ಲಿಗೆ ಹೊಗೆ ಹಾಕೋಳು ನಾನು. ವಾರ ವಾರ ಬೆರಳಾಕಿ ನೋಡ್ತಿದ್ದೆ."

ಡಾಕ್ಟರಿಣಿ ತಲೆ ಎತ್ತಿದಳು. ನಿನ್ನೆಯ ಮುಖ ಅವಳಿಗೆ ಗುರುತು ಸಿಕ್ಕಿತು, ನಿನ್ನೆ ಇಲ್ಲ ಅಂದ ಮಾತೂ ನೆನಪಾಯಿತು ಅಂತ ಅಕ್ಕಯಮ್ಮನಿಗೆ ಅವಳ ಕಣ್ಣಿನಲ್ಲೇ ಕಂಡಿತು. ಬೈಯುತ್ತಾಳೆ ಅಂತ ಕಾದು ನಿಂತಳು. ಡಾಕ್ಟರಿಣಿ ಹಳೆ ಸಾಲಿನ ಮೇಲೆ ಗೆರೆ ಎಳೆದು, ಹೊಸ ಸಾಲಿಗೆ ಪೆನ್ನು ಇಟ್ಟಳು.

"ವಾರ ವಾರ ನೋಡಿದ್ದೀರಲ್ಲ, ಹಂಗಾದ್ರೆ ಹೇಳಿ. ಎಷ್ಟು ಬೇಗ ಬೆಳೀತಿದೆ ಅಂತ ದೊಡ್ಡಾಸ್ಪತ್ರೆಯವ್ರಿಗೆ ಗೊತ್ತಾಗ್ಬೇಕು. ಮೊದಲು ಸಿಕ್ಕಾಗ ಎಷ್ಟಿತ್ತು?"

ಅಕ್ಕಯಮ್ಮ ತನ್ನ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು. "ಹುರುಳಿಕಾಳು."

"ಆಮೇಲೆ?"

"ಮುಂದಿನ್ ವಾರ ತೊಗರಿಕಾಳು. ಅದರ ಮುಂದಿನ್ದು ಕಡಲೆಕಾಳು."

ದೊಡ್ಡಣ್ಣ ಸೂರಿನಿಂದ ಕಣ್ಣು ತೆಗೆದು ಅವಳನ್ನೇ ನೋಡುತ್ತಿದ್ದ. ಡಾಕ್ಟರಿಣಿ ಬರೆದುಕೊಂಡಳು. "ಅದಾದ ಮೇಲೆ?"

"ಆ ವಾರ ಬೆರಳಾಕ್ಲಿಲ್ಲ."

"ಯಾಕೆ?"

"ಹೆದರಿಕೆಯಾಯ್ತು ತಾಯಿ. ಬಾಯಿ ಮುಚ್ಕೋ ಅಂತ ಕಳಿಸ್ಬುಟ್ಟೆ. ಮುಂದಿನ್ ವಾರ ಹಾಕ್ದೆ." ಅಲ್ಲಿಗೆ ನಿಂತಳು. ಕುರ್ಚಿಯ ಮೇಲಿದ್ದವನು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಗೊತ್ತಿದ್ದೂ ಹೇಳಿದಳು: "ಅವರೆಕಾಳು."

ಡಾಕ್ಟರಿಣಿ ಅದನ್ನೂ ಬರೆದುಕೊಂಡಳು.

"ಈ ವಾರ?"

"ನಿನ್ನೆ ನೋಡ್ಲಿಲ್ಲ" ಅಂದಳು ಅಕ್ಕಯಮ್ಮ. "ನಿನ್ನೆ ನನ್ ಬಾಯಿ ತೋರ್ಸಾಕೆ ಇಲ್ಲಿಗೇ ಬಂದಿದ್ದೆ."